ಸಹಮ್ ರಸ್ತೆಗೆ ಎಂಟು ಮಿಲಿಮೀಟರಿನ ಲೆನ್ಸ್

ಒಮಾನಿನಲ್ಲಿದ್ದ ಹನ್ನೊಂದು ವರ್ಷಗಳಲ್ಲಿ ನಾನು ಮನೆಯ ಕುರ್ಚಿಗಿಂತ ಕಾರಿನ ಸೀಟಿನ ಮೇಲೆ ಕೂತದ್ದೇ ಹೆಚ್ಚು. ಮೀನು ಇಡುವ ಕೋಲ್ಡ್ ಸ್ಟೋರೇಜುಗಳ ಯಂತ್ರ ನೋಡಿಕೊಳ್ಳುವ ಕಂಪನಿಯೊಂದರಲ್ಲಿ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಆಫೀಸು ಮಸ್ಕತ್ತಿನ ಘಾಲಾದಲ್ಲಿ. ಯಂತ್ರಗಳು ಮಾತ್ರ ಕರಾವಳಿಯ ಉದ್ದಕ್ಕೂ ಚದುರಿಕೊಂಡಿದ್ದವು. ವಾರಕ್ಕೆ ಎರಡು ದಿನ ಸಹಮ್‌ಗೆ ಹೋಗಬೇಕು. ಹೋಗಿ ಬಂದರೆ ನಾನೂರು ಕಿಲೋಮೀಟರ್. ಯಾವ ಕೋಣೆಯ ಉಷ್ಣಾಂಶ ಯಾವಾಗ ಏರುತ್ತದೋ, ಯಾರ ಫೋನು ಯಾವಾಗ ಬರುತ್ತದೋ ಎಂಬ ಚಡಪಡಿಕೆ ನನಗೆ ಉಸಿರಾಟದಷ್ಟೇ ಅಭ್ಯಾಸವಾಗಿತ್ತು. ಊಟಕ್ಕೆ ಕೂತರೂ ಕಾಲು ಅಲುಗಾಡಿಸುತ್ತಲೇ ಇರುತ್ತೇನೆಂದು ಹೆಂಡತಿ ಮೇಜಿನ ಕೆಳಗೆ ತನ್ನ ಪಾದದಿಂದ ನನ್ನ ಪಾದ ಒತ್ತಿ ಹಿಡಿಯುತ್ತಿದ್ದಳು.

ಎರಡು ಸಾವಿರದ ಮೊದಲ ದಶಕ ಮುಗಿಯುವ ಹೊತ್ತಿಗೆ ಆಫೀಸಿನ ಸಹೋದ್ಯೋಗಿಯೊಬ್ಬ ಚೀನಾಕ್ಕೆ ಹೋಗಿದ್ದವನು ಕಾರಿನ ಗಾಜಿಗೆ ಅಂಟಿಸುವ ಒಂದು ಪುಟ್ಟ ಕ್ಯಾಮೆರಾ ತಂದುಕೊಟ್ಟ. ಡ್ಯಾಶ್‌ಕ್ಯಾಮ್ ಎಂಬ ಹೆಸರು ಆಗಿನ್ನೂ ನಮ್ಮ ಬಾಯಿಗೆ ಬಂದಿರಲಿಲ್ಲ. ಕಾರು ಸ್ಟಾರ್ಟ್ ಆದರೆ ಅದೂ ಶುರುವಾಗುತ್ತಿತ್ತು, ಮುಂದಿನ ರಸ್ತೆಯನ್ನು ಕಾರ್ಡಿಗೆ ತುಂಬಿಸಿಕೊಳ್ಳುತ್ತಿತ್ತು, ಕಾರ್ಡು ತುಂಬಿದರೆ ಹಳೆಯದನ್ನು ಅಳಿಸಿ ಮತ್ತೆ ಬರೆಯುತ್ತಿತ್ತು. ಮಗಳಿಗೆ ಎರಡು ದಿನ ಅದರ ಹುಚ್ಚು ಹಿಡಿದು ಬಿಟ್ಟುಹೋಯಿತು. ನಾನೂ ಅದನ್ನು ಮರೆತೇಬಿಟ್ಟಿದ್ದೆ. ನೆನಪಿಸಿದ್ದು ಒಂದು ಭಾನುವಾರದ ಬೆಳಿಗ್ಗೆ.

ಸಹಮ್ ಇನ್ನು ಹತ್ತು ಹನ್ನೆರಡು ಕಿಲೋಮೀಟರ್ ಇತ್ತು. ಬಲಕ್ಕೆ ತೋಟಗಳು, ಅವುಗಳ ಆಚೆ ಸಮುದ್ರ. ನನ್ನ ಮುಂದೆ ಒಂದು ಬಿಳಿಯ ದೊಡ್ಡ ಕಾರು, ಅದರ ಮುಂದೆ ರಸ್ತೆಯ ಅಂಚಿನಲ್ಲಿ ಸೈಕಲ್ಲಿನ ಮೇಲೆ ಒಬ್ಬ ಮನುಷ್ಯ. ಹಿಂದಿನ ಕ್ಯಾರಿಯರಿನಲ್ಲಿ ದನಕ್ಕೆ ಹಾಕುವ ಹಸಿ ಹುಲ್ಲಿನ ದೊಡ್ಡ ಕಟ್ಟು. ಬಿಳಿಯ ಕಾರು ಇಷ್ಟೇ ಇಷ್ಟು ಬಲಕ್ಕೆ ಸರಿಯಿತು. ಸದ್ದು ಕೂಡ ನನಗೆ ಸರಿಯಾಗಿ ಕೇಳಲಿಲ್ಲ. ಹುಲ್ಲು ಗಾಳಿಯಲ್ಲಿ ಎದ್ದದ್ದು ಕಂಡಿತು, ಸೈಕಲ್ಲು ಒಂದು ಕಡೆ, ಮನುಷ್ಯ ಒಂದು ಕಡೆ ಮರಳಿಗೆ ಬಿದ್ದದ್ದು ಕಂಡಿತು. ಬಿಳಿಯ ಕಾರಿನ ಬ್ರೇಕ್ ದೀಪ ಒಮ್ಮೆ ಹೊತ್ತಿತು. ಆರಿತು. ಕಾರು ಹೊರಟೇಹೋಯಿತು.

ನಾನು ನಿಲ್ಲಿಸಲಿಲ್ಲ. ಇದನ್ನು ಈಗ ಒಂದೇ ವಾಕ್ಯದಲ್ಲಿ ಬರೆಯಬಲ್ಲೆ. ಆಗ ಇದನ್ನು ಬಾಯಿಬಿಟ್ಟು ಹೇಳಲು ನನಗೆ ಒಂದು ತಿಂಗಳು ಬೇಕಾಯಿತು. ನಂಬರ್ ಹಿಡಿಯಬೇಕು, ಬಿಡಬಾರದು ಅವನನ್ನು ಎಂಬುದೊಂದೇ ತಲೆಯಲ್ಲಿತ್ತು. ವೇಗ ಹೆಚ್ಚಿಸಿ ಬೆನ್ನು ಹತ್ತಿದೆ. ಮುಂದಿನ ರೌಂಡ್‌ಅಬೌಟಿಗೆ ಬರುವಷ್ಟರಲ್ಲಿ ಅಂಥದ್ದೇ ಬಿಳಿಯ ಕಾರುಗಳು ಮೂರಿದ್ದವು. ಒಂದು ಸಮುದ್ರದ ಕಡೆಗೆ, ಒಂದು ಗುಡ್ಡದ ಕಡೆಗೆ, ಒಂದು ನೇರಕ್ಕೆ. ಸುತ್ತು ಹಾಕಿ ಎದುರು ರಸ್ತೆಯಲ್ಲಿ ಹಿಂದಕ್ಕೆ ಬಂದು, ಇನ್ನೊಂದು ರೌಂಡ್‌ಅಬೌಟಿನಲ್ಲಿ ಮತ್ತೆ ತಿರುಗಿ ಆ ಜಾಗಕ್ಕೆ ಬರುವಾಗ ಇಪ್ಪತ್ತು ನಿಮಿಷ ಕಳೆದಿತ್ತು. ಮೀನಿನ ಪಿಕಪ್ ಒಂದು ಆ ಮನುಷ್ಯನನ್ನು ಆಸ್ಪತ್ರೆಗೆ ಕೊಂಡೊಯ್ದಿದೆ ಎಂದು ಅಲ್ಲಿ ನಿಂತಿದ್ದ ನೀರಿನ ಟ್ಯಾಂಕರಿನ ಡ್ರೈವರ್ ಹೇಳಿದ. ಸೈಕಲ್ಲು ಅಲ್ಲೇ ಬಿದ್ದಿತ್ತು. ಹುಲ್ಲು ರಸ್ತೆಯ ಅರ್ಧದವರೆಗೆ ಹರಡಿತ್ತು.

ಪೊಲೀಸ್ ಠಾಣೆಗೆ ನಾನಾಗಿಯೇ ಹೋದೆ. ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ತೋರಿಸಿದೆ. ಅಧಿಕಾರಿ ಸೌಮ್ಯ ಮನುಷ್ಯ. ಮೂರು ಸಲ ನೋಡಿದ. ನಂಬರ್ ಪ್ಲೇಟು ಇರಬೇಕಾದಲ್ಲಿ ಅರಿಶಿನ ಬಳಿದ ಹಾಗೆ ಒಂದು ಹಳದಿ ಕಲೆ ಮಾತ್ರ ಇತ್ತು.

"ಕ್ಯಾಮೆರಾ ಒಳ್ಳೆಯದು. ನಂಬರ್ ಇಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿ, ಪೆನ್ನು ಎತ್ತಿಕೊಂಡು ಕೇಳಿದ: "ನೀವು ನಿಲ್ಲಿಸಿದಿರಾ?"

"ಹಿಂದೆ ಹೋದೆ. ಆ ಕಾರಿನ ಹಿಂದೆ."

"ಆಮೇಲೆ ವಾಪಸ್ ಬಂದಿರಿ?"

"ಬಂದೆ."

ಅವನು ಅದನ್ನು ಅರಬಿಯಲ್ಲಿ ಬರೆದುಕೊಂಡ. ಎಷ್ಟು ಬರೆದನೋ, ಏನು ಬರೆದನೋ, ನನಗೆ ಓದಲು ಬರಲಿಲ್ಲ. ನನ್ನ ಫೋನ್ ನಂಬರ್ ತೆಗೆದುಕೊಂಡು, ಬೇಕಾದರೆ ಕರೆಯುತ್ತೇವೆ ಎಂದು ಕೈಕುಲುಕಿ ಕಳಿಸಿದ.

ಆ ಸಂಜೆ ಹೆಂಡತಿಗೂ ತೋರಿಸಿದೆ. ಅವಳು ಇಂಡಿಯನ್ ಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ನೋಡುವುದನ್ನು ಹಂತ ಹಂತವಾಗಿ ನೋಡುತ್ತಾಳೆ. ಕಾರು ತಾಗುವುದು, ಹುಲ್ಲು ಹಾರುವುದು, ಮನುಷ್ಯ ಬೀಳುವುದು. ಆಮೇಲೆ ಚಿತ್ರದ ಬಲ ಅಂಚಿನಲ್ಲಿ, ನನ್ನ ಕಾರು ದಾಟುವ ಕೊನೆಯ ಕ್ಷಣದಲ್ಲಿ, ಕಪ್ಪಗೆ ಏನೋ ಮೇಲೆದ್ದಿತು.

"ನಿಲ್ಸಿ. ಇದು ಕೈ ಅಲ್ವಾ?" ಎಂದಳು.

"ಹುಲ್ಲಿನ ಕಂತೆ ಇರ್ಬೇಕು."

"ಕೈ ರೀ. ಎತ್ತಿದಾರೆ." ಅದನ್ನೇ ಇನ್ನೊಮ್ಮೆ ಓಡಿಸಿ ನೋಡಿ, "ಆಮೇಲೆ ನೀವು ಎಲ್ಲಿ ನಿಲ್ಸಿದ್ರಿ?" ಎಂದು ಕೇಳಿದಳು.

"ಈ ಲೆನ್ಸೇ ಸರಿ ಇಲ್ಲ. ಇದನ್ನ ಬದಲಾಯಿಸ್ಬೇಕು" ಎಂದು ಹೇಳಿ ಲ್ಯಾಪ್‌ಟಾಪ್ ಮುಚ್ಚಿದೆ.

ಅದು ಉತ್ತರವಲ್ಲವೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಆಡಿದ ಮಾತು ಒಂದು ಕೆಲಸವಾಗಿಬಿಟ್ಟಿತು. ಕೈಗೆ ಕೆಲಸ ಸಿಕ್ಕರೆ ನನ್ನಂಥವನಿಗೆ ಸಮಾಧಾನದಂಥದ್ದು ಒಂದು ಸಿಗುತ್ತದೆ.

ಘಾಲಾದಲ್ಲಿ ನಮ್ಮ ಆಫೀಸಿನಿಂದ ಮೂರನೇ ಗಲ್ಲಿಯಲ್ಲಿ ಉಡುಪಿ ಕಡೆಯ ಒಬ್ಬರಿದ್ದರು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು, ಐವತ್ತು ದಾಟಿದವರು, ಗೋದಾಮುಗಳಿಗೆ ಸಿಸಿಟಿವಿ ಹಾಕಿಕೊಡುವ ಅಂಗಡಿಯೊಂದರ ರಿಪೇರಿ ಮೇಜು ಅವರದು. ನಮ್ಮ ಕೋಲ್ಡ್ ಸ್ಟೋರೇಜಿನ ಕ್ಯಾಮೆರಾಗಳಿಗೂ ಅವರೇ ಬರುತ್ತಿದ್ದರು. ನನ್ನ ಕ್ಯಾಮೆರಾವನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು.

"ಇದೆಂಥ ಮಾರಾಯ್ರೆ, ಇಷ್ಟು ಅಗಲದ ಲೆನ್ಸ್! ಆಕಾಶವೂ ಉಂಟು, ಬಾನೆಟ್ಟೂ ಉಂಟು, ನಂಬರೊಂದು ಮಾತ್ರ ಇಲ್ಲ."

ಇದು ಸುಮಾರು ಮೂರು ಮಿಲಿಮೀಟರಿನ ಲೆನ್ಸ್, ಇದರ ಜಾಗಕ್ಕೆ ಸಿಸಿಟಿವಿಯ ಎಂಟು ಮಿಲಿಮೀಟರಿನದು ಕೂರುತ್ತದೆ, ಎರಡರ ತಿರುಪಿನ ಸುತ್ತೂ ಒಂದೇ ಎಂದು ವಿವರಿಸಿದರು. ಮಿಲಿಮೀಟರ್ ಹೆಚ್ಚಾದಷ್ಟೂ ದೂರದ್ದು ಹತ್ತಿರ ಬರುತ್ತದೆ.

"ನಂಬರ್ ಸಿಗ್ತದೆ. ಆದ್ರೆ ಅಕ್ಕಪಕ್ಕದ್ದು ಹೋಗ್ತದೆ. ಮತ್ತೆ ನನ್ನನ್ನು ಬೈಬಾರ್ದು, ಈಗಲೇ ಹೇಳ್ತೇನೆ."

"ಹೋಗ್ಲಿ ಬಿಡಿ" ಎಂದೆ.

ನಾಲ್ಕು ಸಣ್ಣ ಸ್ಕ್ರೂ ಬಿಚ್ಚಿದರು. ಒಳಗೆ ಬೆರಳುಗುರಿನಷ್ಟು ಹಸಿರು ಬೋರ್ಡು, ಅದರ ಮೇಲೆ ಕಪ್ಪು ಕೊಳವೆಯ ಹಾಗೆ ಲೆನ್ಸ್. ಅಲುಗಾಡದಂತೆ ಅದರ ಬುಡಕ್ಕೆ ಗೋಂದು ಹಾಕಿದ್ದರು. ಅದಕ್ಕೆ ಬಿಸಿ ತೋರಿಸಿ, ಸೂಜಿಯಿಂದ ಕೆರೆದು, ಬಾಟಲಿಯ ಮುಚ್ಚಳ ತಿರುಗಿಸಿದ ಹಾಗೆ ತಿರುಗಿಸಿ ಹೊರಗೆ ತೆಗೆದರು. "ಈಗ ಉಸಿರು ಬಿಡ್ಬೇಡಿ, ಧೂಳು ಕೂತ್ರೆ ಕಥೆ ಮುಗೀತು" ಎಂದರು. ನಾನು ನಿಜವಾಗಿಯೂ ಉಸಿರು ಹಿಡಿದಿದ್ದೆ. ಹೊಸ ಲೆನ್ಸ್ ಹಾಕಿ, ಪುಟ್ಟ ಟಿವಿಗೆ ತಂತಿ ಜೋಡಿಸಿ, ಕಿಟಕಿಯಾಚೆಯ ಗೋದಾಮಿನ ಬೋರ್ಡಿಗೆ ಗುರಿ ಇಟ್ಟರೆ ಬರೀ ಮಂಜು. ಕೂದಲೆಳೆಯಷ್ಟು ತಿರುಗಿಸಿದರೆ ಅಕ್ಷರ ಮೂಡುತ್ತಿತ್ತು, ಇನ್ನೊಂದೆಳೆ ತಿರುಗಿಸಿದರೆ ಕರಗುತ್ತಿತ್ತು. ಅಂತೂ ಅಕ್ಷರ ನಿಂತಾಗ ಬಣ್ಣ ಕೆಟ್ಟಿತ್ತು: ಅಂಗಳದ ಖರ್ಜೂರದ ಮರ ಗುಲಾಬಿಯಾಗಿ ಕಾಣುತ್ತಿತ್ತು! ಹಳೆಯ ಲೆನ್ಸಿನ ಹಿಂಬದಿಯಲ್ಲಿದ್ದ ತೆಳುವಾದ ಗಾಜಿನ ಚೂರನ್ನು ಬ್ಲೇಡಿನಿಂದ ಎಬ್ಬಿಸಿ ಹೊಸದಕ್ಕೆ ಅಂಟಿಸಿದ ಮೇಲೆ ಮರ ಮತ್ತೆ ಹಸಿರಾಯಿತು. ಎರಡು ಗಂಟೆಯ ಕೆಲಸ. ಅಷ್ಟು ಹೊತ್ತು ನನ್ನ ಕಾಲು ಅಲುಗಾಡಿರಲಿಲ್ಲ.

ಹೊರಡುವಾಗ ಅವರು ಕೇಳಿದರು: "ಆ ಜನ ಹೇಗಿದ್ದಾರೆ ಈಗ? ಬಿದ್ದವರು?"

"ಆಸ್ಪತ್ರೆಲಿದಾರೆ" ಎಂದೆ. ನನಗೆ ಗೊತ್ತಿದ್ದದ್ದು ಅಷ್ಟೇ.

ಮುಂದಿನ ಮೂರು ವಾರ ನಾನು ಕಾರು ಓಡಿಸಿದೆನೆನ್ನುವುದಕ್ಕಿಂತ ನಂಬರ್ ಪ್ಲೇಟುಗಳನ್ನು ಓಡಿಸಿಕೊಂಡು ಹೋದೆ ಎನ್ನಬೇಕು. ಲೆನ್ಸ್ ಉದ್ದವಾದ ಮೇಲೆ ರಸ್ತೆ ಒಂದು ಸುರಂಗದ ಹಾಗೆ ಕಾಣುತ್ತಿತ್ತು. ಮುಂದಿನ ಕಾರಿನ ಹಿಂಭಾಗ ಚಿತ್ರವನ್ನೆಲ್ಲ ತುಂಬಿಕೊಳ್ಳುತ್ತಿತ್ತು. ಅರಬಿ ಅಂಕಿ, ಇಂಗ್ಲಿಷ್ ಅಂಕಿ ಎರಡೂ ಸ್ಪಷ್ಟ. ರಸ್ತೆಯ ಸಣ್ಣ ಉಬ್ಬಿಗೂ ಚಿತ್ರ ಭೂಕಂಪವಾದಂತೆ ನಡುಗುತ್ತಿತ್ತು. ಅಂಚಿನಲ್ಲಿ ನಡೆಯುವವರು, ಮೇಯುವ ಆಡುಗಳು ಎಲ್ಲ ಮಾಯ. ಬಿಳಿಯ ದೊಡ್ಡ ಕಾರು ಕಂಡರೆ ಅದರ ಹಿಂದೆ ಸೇರಿಕೊಳ್ಳುವುದು, ಒಂದೆರಡು ನಿಮಿಷ ಅದರ ನಂಬರ್ ತುಂಬಿಸಿಕೊಳ್ಳುವುದು, ಆಮೇಲೆ ಮುಂದೆ ಹೋಗಿ ಕನ್ನಡಿಯಲ್ಲಿ ಅದರ ಬಲಗಡೆಯ ದೀಪ ಒಡೆದಿದೆಯೇ ಎಂದು ನೋಡುವುದು. ಆ ದೇಶದಲ್ಲಿ ಬಿಳಿಯ ಕಾರುಗಳಿಗೇನು ಕೊರತೆ! ಮನೆಗೆ ಬಂದು ಎಲ್ಲವನ್ನೂ ಮತ್ತೆ ನೋಡುತ್ತಿದ್ದೆ. ಗುರುವಾರ, ಶುಕ್ರವಾರ ರಜೆಯಿದ್ದರೂ ಕಾರಿನ ಕೀಲಿ ಜೇಬಿನಲ್ಲೇ ಇರುತ್ತಿತ್ತು. ಒಂದು ಶುಕ್ರವಾರ ಒಳನಾಡಿನ ಇಬ್ರಾಕ್ಕೆ ಸಂಸಾರ ಸಮೇತ ಹಳೆಯ ಪೇಟೆ ನೋಡಲು ಹೋದಾಗಲೂ, ಆ ದಾರಿಗೂ ಸಹಮ್‌ಗೂ ಸಂಬಂಧವೇ ಇಲ್ಲದಿದ್ದರೂ, ಬಿಳಿಯ ಕಾರೊಂದರ ಹಿಂದೆ ಹೋಗಿ ತಿರುವು ತಪ್ಪಿಸಿಕೊಂಡೆ.

"ಡ್ಯಾಡ್, ಯು ಆರ್ ಟೂ ಕ್ಲೋಸ್" ಎಂದಳು ಮಗಳು ಹಿಂದಿನಿಂದ.

ಹೆಂಡತಿ ಮನೆಗೆ ಬಂದ ಮೇಲೆ ಚಪ್ಪಲಿ ಬಿಡುತ್ತಾ ಹೇಳಿದಳು: "ಆ ಕಾರು ಸಿಕ್ರೆ ಏನ್ ಮಾಡ್ತೀರಿ? ಅದನ್ನಾದ್ರೂ ಹೇಳಿ. ನಾನೂ ಜೊತೆಗೆ ಹುಡುಕ್ತೀನಿ."

ನಾನು ಕಾರ್ಡು ತೆಗೆದುಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತೆ.

ನಾಲ್ಕನೆಯ ವಾರದ ಮೊದಲಲ್ಲಿ ಸಿಕ್ಕಿತು. ಸಹಮ್ ಪೇಟೆಯಲ್ಲಿ ಬಿಳಿಯ ದೊಡ್ಡ ಕಾರು, ಬಲಗಡೆಯ ದೀಪ ಒಡೆದಿದೆ, ಬಂಪರ್ ಒಳಗೆ ಹೋಗಿದೆ. ಹಿಂದೆ ಹೋದೆ. ಅದು ಹೆದ್ದಾರಿ ಬಿಟ್ಟು ತೋಟಗಳ ನಡುವಿನ ಮಣ್ಣಿನ ದಾರಿಗೆ ಇಳಿಯಿತು. ನಾನೂ ಇಳಿದೆ. ಒಂದು ಗೇಟಿನೊಳಗೆ ಹೋಗಿ ನಿಂತಿತು. ನನ್ನ ಕಾರು ಗೇಟಿನ ಬಾಯಲ್ಲಿ ನಿಂತಿತು. ಇಳಿದವರು ಬಿಳಿಗಡ್ಡದ ಮುದುಕರು, ಕೈಯಲ್ಲಿ ತೆಳ್ಳಗಿನ ಬೆತ್ತ.

"ಏನು ಬೇಕು?" ಎಂದು ಅರಬಿಯಲ್ಲಿ ಕೇಳಿದವರು ನನ್ನ ಮುಖ ನೋಡಿ ಹಿಂದಿಗೆ ಇಳಿದರು. ಆ ಕರಾವಳಿಯ ಹಳಬರಿಗೆ ಹಿಂದಿ ಚೆನ್ನಾಗಿಯೇ ಬರುತ್ತದೆ. "ದಾರಿ ತಪ್ಪಿತಾ?"

"ನಿಮ್ಮ ದೀಪ ಒಡೆದಿದೆ" ಎಂದೆ.

"ಹೌದು, ಒಡೆದಿದೆ." ಅವರು ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಬೆತ್ತದಿಂದ ತಮ್ಮದೇ ಗೇಟಿನ ಕಂಬ ತೋರಿಸಿದರು. ಸಿಮೆಂಟಿನ ಮೂಲೆ ಕಿತ್ತುಹೋಗಿತ್ತು, ಅದರ ಮೇಲೆ ಬಿಳಿಯ ಬಣ್ಣದ ಗೀರುಗಳು. "ಕಣ್ಣು ಮಂಜಾಗಿದೆ. ಮಗ ಇನ್ನು ಓಡಿಸಬೇಡ ಅನ್ನುತ್ತಾನೆ. ನೀನು ಪೊಲೀಸಾ?"

ನಾನು ಕಾರಿಗೆ ಒರಗಿ ನಿಂತು ಎಲ್ಲವನ್ನೂ ಹೇಳಿದೆ. ಸೈಕಲ್ಲು, ಹುಲ್ಲು, ಲೆನ್ಸು, ಮೂರು ವಾರ. ಅವರು ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತೇನೋ. ಒಳಗೆ ಕರೆದು ಚಾಪೆಯ ಮೇಲೆ ಕೂರಿಸಿ ಖರ್ಜೂರದ ತಟ್ಟೆ ಮುಂದಿಟ್ಟರು, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಕಹ್ವಾ ಕಾಫಿ ಬಗ್ಗಿಸಿದರು.

"ಆ ಮನುಷ್ಯ ಈಗ ಹೇಗಿದ್ದಾನೆ?"

"ಗೊತ್ತಿಲ್ಲ."

"ಗೊತ್ತಿಲ್ಲವಾ? ಆಸ್ಪತ್ರೆ ಇಲ್ಲಿಂದ ಹತ್ತು ನಿಮಿಷ." ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ನಾನು ಬಟ್ಟಲು ಕೆಳಗಿಡುವ ಮೊದಲೇ ಎದ್ದರು. "ಯಲ್ಲಾ, ನಡಿ."

ಅವರ ಕಾರು ಮುಂದೆ, ನನ್ನದು ಹಿಂದೆ. ಹತ್ತು ನಿಮಿಷ ಅವರ ನಂಬರ್ ಪ್ಲೇಟು ನನ್ನ ಕ್ಯಾಮೆರಾದಲ್ಲಿ ಕನ್ನಡಿಯಷ್ಟು ಸ್ಪಷ್ಟವಾಗಿ ತುಂಬಿಕೊಂಡಿತು.

ಆಸ್ಪತ್ರೆಯಲ್ಲಿ ವಿಚಾರಿಸಿ ಹಾಸಿಗೆಯವರೆಗೆ ಬಿಟ್ಟವರೂ ಅವರೇ. ಬಾಂಗ್ಲಾದೇಶದವನು, ನಲವತ್ತರ ಆಸುಪಾಸು, ತೋಟದ ಕೆಲಸಗಾರ. ಬಲಗಾಲಿಗೆ ಸೊಂಟದ ಹತ್ತಿರದವರೆಗೆ ಪ್ಲಾಸ್ಟರ್. ನಾವು ಯಾರೆಂದು ತಿಳಿಯದಿದ್ದರೂ ಎದ್ದು ಕೂರಲು ನೋಡಿದ. ಮುದುಕರು ಅವನ ಭುಜ ತಟ್ಟಿ, ಅಪಘಾತ ಮಾಡಿದವನನ್ನು ಇವರು ಹುಡುಕುತ್ತಿದ್ದಾರೆ ಎಂದು ನನ್ನನ್ನು ತೋರಿಸಿದರು.

ಅವನು ಗೊಂದಲಗೊಂಡ. "ಯಾಕೆ ಸಾಹೇಬ್? ಅವನು ಸಿಕ್ಕಿದ್ದಾನಲ್ಲ."

ಬಿಳಿಯ ಕಾರಿನವನು ಅದೇ ದಿನ ಸಂಜೆ ತಾನಾಗಿಯೇ ಪೊಲೀಸರ ಬಳಿ ಹೋಗಿದ್ದನಂತೆ. ಯಾವುದೋ ಕಚೇರಿಯ ಗುಮಾಸ್ತ. ಮನೆಗೆ ಹೋದವನಿಗೆ ಅನ್ನ ಇಳಿಯದೆ ಅಣ್ಣನನ್ನು ಕರೆದುಕೊಂಡು ಠಾಣೆಗೆ ಹೋದನಂತೆ. ಮರುದಿನ ಈ ಹಾಸಿಗೆಯ ಕಾಲಡಿ ನಿಂತು ಅತ್ತನಂತೆ. ಆಮೇಲೂ ವಾರಕ್ಕೊಮ್ಮೆ ಬರುತ್ತಾನಂತೆ, ಬರುವಾಗ ಕಿತ್ತಳೆ ತರುತ್ತಾನಂತೆ. "ಖಲಾಸ್ ಸಾಹೇಬ್, ಎಲ್ಲ ಮುಗಿದಿದೆ" ಎಂದ.

ನಾನು ಘಾಲಾದಲ್ಲಿ ಉಸಿರು ಹಿಡಿದು ಕೂತಿದ್ದಾಗಲೂ ಎಲ್ಲ ಮುಗಿದೇ ಇತ್ತು. ನನಗೆ ಯಾರೂ ಫೋನ್ ಮಾಡಿ ಹೇಳಲಿಲ್ಲ, ಯಾಕೆ ಹೇಳಬೇಕು? ಒಂದು ಸಲ ಈ ಬಾಗಿಲಿಗೆ ಬಂದಿದ್ದರೆ ಗೊತ್ತಾಗುತ್ತಿತ್ತು. ವಾರಕ್ಕೆ ಎರಡು ಸಲ ಈ ಆಸ್ಪತ್ರೆಯ ಮುಂದಿನ ರಸ್ತೆಯಲ್ಲೇ ಹೋಗುತ್ತಿದ್ದೆ. ಬರಲಿಲ್ಲ, ಯಾಕೆಂದರೆ ಬಂದರೆ ಇವನ ಮುಖ ನೋಡಬೇಕಿತ್ತು.

ಮುದುಕರು ನಮಾಜಿಗೆ ಹೊತ್ತಾಯಿತೆಂದು ಹೊರಟರು. ಸ್ಟೂಲು ಎಳೆದು ಕೂತೆ. "ಆ ದಿನ ನಿನ್ನ ಹಿಂದೆ ಇದ್ದ ಕಾರು ನನ್ನದು. ನಾನು ನಿಲ್ಲಿಸಲಿಲ್ಲ" ಎಂದು ಹಿಂದಿಯಲ್ಲಿ ಹೇಳಿದೆ.

"ಬೆಳ್ಳಿ ಬಣ್ಣದ್ದಾ?"

"ಹೌದು."

"ನಾನು ಕೈ ಎತ್ತಿದ್ದೆ" ಎಂದ. ಆರೋಪದ ದನಿಯಲ್ಲಲ್ಲ, ಕಳೆದದ್ದನ್ನು ಹೊಂದಿಸಿ ನೋಡುವವನ ಹಾಗೆ. "ಕಾಲಿನ ನೋವು ಆಗಿನ್ನೂ ಗೊತ್ತಾಗಿರಲಿಲ್ಲ. ಬಾಯಲ್ಲಿ ಮರಳು ತುಂಬಿತ್ತು. ನೀರು ಕೇಳೋಣ ಅಂತ ಎತ್ತಿದೆ. ನೀವು ಹೋದಿರಿ."

ನನ್ನ ಕಾರಿನಲ್ಲಿ ಯಾವಾಗಲೂ ಒಂದು ಪೆಟ್ಟಿಗೆ ನೀರಿನ ಬಾಟಲಿ ಇರುತ್ತಿತ್ತು. ಅದನ್ನು ಅವನಿಗೆ ಹೇಳಲಿಲ್ಲ. ಪಕ್ಕದ ಹಾಸಿಗೆಯವನ ರೇಡಿಯೋ ಸಣ್ಣಗೆ ಕೇಳುತ್ತಿತ್ತು.

"ಆಮೇಲೆ ಮೀನಿನ ಗಾಡಿಯವರು ಕೊಟ್ಟರು" ಎಂದು ಅವನೇ ಮಾತು ಮುಂದುವರಿಸಿದ. "ಬಾಟಲಿಗೆಲ್ಲ ಮೀನಿನ ವಾಸನೆ." ಎಂದು ನಕ್ಕ. ನನಗೆ ನಗಲಾಗಲಿಲ್ಲ. ಆಮೇಲೆ ಅವನು ಕೇಳಿದ: "ಬುಧವಾರ ನನ್ನನ್ನು ಮನೆಗೆ ಕಳಿಸುತ್ತಾರಂತೆ. ತೋಟದ ಯಜಮಾನ, ನನ್ನ ಕಫೀಲ್, ಊರಲ್ಲಿಲ್ಲ. ಟ್ಯಾಕ್ಸಿಯಲ್ಲಿ ಈ ಕಾಲು ಮಡಚಲಿಕ್ಕಾಗಲ್ಲ. ನಿಮ್ಮ ಕಾರು ದೊಡ್ಡದಾ?"

ಬುಧವಾರ ನನ್ನ ಸಹಮ್ ದಿನವಾಗಿರಲಿಲ್ಲ. ಆಫೀಸಿಗೆ ರಜೆ ಹಾಕಿದೆ. ಹಿಂದಿನ ದಿನ ಹೆಂಡತಿಗೆ ಎಲ್ಲವನ್ನೂ ಹೇಳಿದೆ, ಚಿತ್ರದಲ್ಲಿ ಮೇಲೆದ್ದದ್ದು ಕೈಯೇ ಎಂಬುದನ್ನೂ. ಬೆಳಿಗ್ಗೆ ಅವಳು ಎರಡು ತಲೆದಿಂಬು, ಒಂದು ಹಳೆಯ ಹೊದಿಕೆ ತಂದು ಹಿಂದಿನ ಸೀಟಿನಲ್ಲಿಟ್ಟು, "ಕಾಲ್ ಕೆಳಗೆ ಇಡಿ, ಅಲುಗಾಡ್ಬಾರ್ದು" ಎಂದಳು.

ಆಸ್ಪತ್ರೆಯ ಬಾಗಿಲಲ್ಲಿ ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿ, ಅವನನ್ನು ಹಿಂದೆ ಅಡ್ಡಡ್ಡಲಾಗಿ ಕೂರಿಸಿ, ದಿಂಬುಗಳ ಮೇಲೆ ಕಾಲಿಟ್ಟು ಹೊರಟೆವು. ಐವತ್ತರ ಮೇಲೆ ಹೋಗಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು, ದೀಪ ಮಿನುಗಿಸಿದರು, ಬೈದುಕೊಂಡು ದಾಟಿದರು. ಅವನು ಗಾಜಿನ ಮೇಲಿನ ಕ್ಯಾಮೆರಾ ನೋಡಿ ಅದೇನೆಂದು ಕೇಳಿದ. ಹೇಳಿದೆ. "ನಾನು ಅದರಲ್ಲಿದ್ದೀನಾ?" ಎಂದ. ಹಳೆಯದು ಅಳಿಸಿಹೋಗಿದೆ ಎಂದೆ. ಅದು ಸುಳ್ಳು. ಆ ಒಂದು ತುಣುಕನ್ನು ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡಿದ್ದೆ, ಬಹಳ ದಿನ ಇಟ್ಟುಕೊಂಡಿದ್ದೆ. ಆ ಬೇಸಿಗೆಯಲ್ಲಿ ಕಾರಿನೊಳಗಿನ ಬಿಸಿಗೆ ಲೆನ್ಸಿನ ಗೋಂದು ಸಡಿಲಾಗಿ ಎಲ್ಲ ಮಂಜಾದಾಗ ಕ್ಯಾಮೆರಾವನ್ನು ಕಿತ್ತು ಡ್ರಾಯರಿಗೆ ಹಾಕಿದೆ. ಉಡುಪಿಯವರು ಸರಿಮಾಡಿಕೊಡುತ್ತೇನೆಂದರೂ ಒಯ್ಯಲಿಲ್ಲ.

ತೋಟದಲ್ಲಿ ಅವನ ಕೋಣೆ ಗೇಟಿನಿಂದ ಇನ್ನೂರು ಹೆಜ್ಜೆ ಒಳಗೆ. ಕಾರು ಹೋಗುವ ದಾರಿ ಅಲ್ಲಿಗಿರಲಿಲ್ಲ. ಇಳಿಸಿ ಊರುಗೋಲು ಕೊಟ್ಟರೆ ಅವು ಮರಳಿನಲ್ಲಿ ಗೇಣುದ್ದ ಹೂತುಹೋದವು. ಅವನು ಎರಡು ಹೆಜ್ಜೆ ಇಟ್ಟು ಬೆವತು ನಿಂತ. ಎತ್ತಿಕೊಳ್ಳಲೇ ಎಂದು ಕೇಳಿದೆ. ನನ್ನ ಸೊಂಟ ನೋಡಿ ಬೇಡವೆಂದ. ನೀರು ಹರಿಯುವ ಕಾಲುವೆಗೆ ಎರಡೂ ಕಡೆ ಸಿಮೆಂಟಿನ ಅಂಚಿತ್ತು, ಒಂದಡಿ ಅಗಲ. ಅದರ ಮೇಲೆ ಊರುಗೋಲು ಹೂತುಹೋಗುವುದಿಲ್ಲ, ಆದರೆ ಪಕ್ಕದಲ್ಲಿ ಯಾರಾದರೂ ಹಿಡಿದಿರಬೇಕು, ಆ ಕಡೆ ಕಾಲುವೆ, ಈ ಕಡೆ ಆಗಷ್ಟೇ ನೀರು ಬಿಟ್ಟ ಹುಲ್ಲಿನ ಮಡಿ.

ನಾನು ಮಡಿಗೆ ಇಳಿದೆ. ಆಫೀಸಿನ ಬೂಟು, ಮಡಿಕೆ ಕೆಡದ ಪ್ಯಾಂಟು. ಕೆಸರು ಕಣಕಾಲಿನವರೆಗೆ ಬಂತು. ಅವನ ಸೊಂಟದ ಪಟ್ಟಿ ಹಿಡಿದುಕೊಂಡೆ, ಅವನ ಎಡಗೈ ನನ್ನ ಹೆಗಲ ಮೇಲೆ. "ಆಹಿಸ್ತಾ, ಸಾಹೇಬ್, ಆಹಿಸ್ತಾ" ಎನ್ನುತ್ತಿದ್ದ. ನಾನು ಅವನಿಗಿಂತ ಮುಂದೆ ಹೋಗಿಬಿಡುತ್ತಿದ್ದೆ. ಅವನು ಹೆಗಲು ಒತ್ತಿದಾಗಲೆಲ್ಲ ನಿಂತು, ಊರುಗೋಲು ಸಿಮೆಂಟಿಗೆ ತಾಗಿದ ಸದ್ದು ಕೇಳಿದ ಮೇಲೆಯೇ ಮುಂದಿನ ಹೆಜ್ಜೆ ಇಡುತ್ತಿದ್ದೆ. ಆ ಇನ್ನೂರು ಹೆಜ್ಜೆಗೆ ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ಎರಡು ಸಲ ನನ್ನ ಫೋನು ರಿಂಗಾಯಿತು, ಯಾವುದೋ ಕೋಣೆಯ ಉಷ್ಣಾಂಶ ಏರಿರಬೇಕು. ತೆಗೆಯಲು ಕೈ ಖಾಲಿ ಇರಲಿಲ್ಲ.

ಹಿಂದಿರುಗುವಾಗ ಒದ್ದೆ ಬೂಟು ಪೆಡಲಿನ ಮೇಲೆ ಜಾರುತ್ತಿತ್ತು. ಬಿಚ್ಚಿ ಪಕ್ಕಕ್ಕಿಟ್ಟು, ಬರಿಗಾಲಿನಲ್ಲಿ ಮಸ್ಕತ್ತಿನವರೆಗೂ ಓಡಿಸಿದೆ.